ಬೆಂಕಿ ಇಲ್ಲದೆ ಕಲ್ಲಿದ್ದಲು ಬೀಳಿಸಿದ ಬೆಣೆ

(ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಮತ್ತು ಕಲ್ಲು ಖಣಿಯ ಕಾರ್ಮಿಕರಿಗೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ಕಬ್ಬಿಣದ ತುಂಡು ಇವೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಎತ್ತಿ ತೋರಿಸುತ್ತೇನೆ. ಇದು ಬೆಣೆ. ಉದ್ದ ಒಂದು ಗೇಣು. ಪೆಟ್ಟು ತಿಂದು ತಿಂದು ಇದರ ತಲೆ ಅಣಬೆಯ ಹಾಗೆ ಅರಳಿದೆ, ನೋಡಿ. ಇವೆರಡು ಇದರ ಜೊತೆಯ ಪಟ್ಟಿಗಳು. ಒಂದು ಮೈ ಚಪ್ಪಟೆ, ಇನ್ನೊಂದು ಮೈ ಅರೆದುಂಡು. ಕಲ್ಲಿಗೆ ತೂತು ಕೊರೆದು ಎರಡೂ ಪಟ್ಟಿಯನ್ನು ಎದುರುಬದುರು ಇಳಿಸಬೇಕು. ನಡುವೆ ಬೆಣೆ ಇಟ್ಟು ಬಡಿಯಬೇಕು. ಇಷ್ಟೇ ಕೆಲಸ.

ಇವು ನಮ್ಮಪ್ಪನವು. ಅವರು ಇದೇ ಊರಿನ ಖಣಿಯಲ್ಲಿ ಪರಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಚಪ್ಪಡಿ, ಎಬ್ಬಿಸುತ್ತಿದ್ದರು. ನಾನು ಹುಡುಗ, ಸುತ್ತಿಗೆ ಸಿಕ್ಕರೆ ಸಾಕು ಅಂತ ಜೋರಾಗಿ ಬಡಿಯುತ್ತಿದ್ದೆ. ಅವರು ಕೈ ಹಿಡಿದು ನಿಲ್ಲಿಸುತ್ತಿದ್ದರು. "ತಮ್ಮಾ, ಜೋರ್ ಮಾಡಬ್ಯಾಡ. ಕಲ್ಲಿನ ದನಿ ಕೇಳು" ಅನ್ನುತ್ತಿದ್ದರು. ಸಾಲಾಗಿ ಇಟ್ಟ ಬೆಣೆಗಳಿಗೆ ಈ ಕಡೆಯಿಂದ ಆ ಕಡೆಗೆ ಒಂದೊಂದೇ ಪೆಟ್ಟು. ಮತ್ತೆ ಮೊದಲಿನಿಂದ ಒಂದೊಂದು ಪೆಟ್ಟು. ಟಣ್ ಟಣ್ ಅನ್ನುತ್ತಿದ್ದ ದನಿ ಒಂದು ಹೊತ್ತಿಗೆ ದಪ್ಪಗಾಗುತ್ತದೆ. ಆಗ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿಯುವ ಮೊದಲೇ ಕಲ್ಲು ತಾನಾಗಿ ಬಿಡುತ್ತಿತ್ತು, ಕೂದಲೆಳೆಯಂಥ ಗೆರೆ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಇಲ್ಲಿ ಕೂತಿರುವ ಖಣಿಯ ಅಣ್ಣಂದಿರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಮುಂದೆ ನಾನು ಓದಿದ್ದು ಗಣಿಗಾರಿಕೆ. ಕೆಲಸ ಸಿಕ್ಕಿದ್ದು ಗೋದಾವರಿ ಕಣಿವೆಯ ಕಲ್ಲಿದ್ದಲು ಗಣಿಯಲ್ಲಿ, ಭೂಮಿಯ ಒಳಗೆ. ಅಲ್ಲಿ ಬೆಣೆ ಇರಲಿಲ್ಲ. ಅಲ್ಲಿದ್ದದ್ದು ಮದ್ದು. ಒಂದೂವರೆ ಮೀಟರ್ ಆಳಕ್ಕೆ ತೂತು ಕೊರೆದು, ಮದ್ದು ತುಂಬಿ, ಬಾಯಿಗೆ ಮಣ್ಣು ಜಡಿದು, ದೂರ ಹೋಗಿ ಸ್ಫೋಟಿಸುವುದು. ವರ್ಷಗಟ್ಟಲೆ ಅದನ್ನೇ ಮಾಡಿದೆ. ಬಹಳ ತಡವಾಗಿ ಒಂದು ಸಂಗತಿ ತಿಳಿಯಿತು. ಅಪ್ಪನ ಈ ಮೂರು ತುಂಡಿನ ದೊಡ್ಡಣ್ಣನೊಬ್ಬ ನೂರೈವತ್ತು ವರ್ಷದ ಹಿಂದೆ ಕಲ್ಲಿದ್ದಲು ಗಣಿಯೊಳಗೆ ಮದ್ದಿಗೆ ಎದುರಾಳಿಯಾಗಿ ನಿಂತಿದ್ದ. ಇವತ್ತು ಹೇಳುವುದು ಅವನ ಕಥೆ.

ಮೊದಲು, ಮದ್ದು ಯಾಕೆ ಬೇಡವಾಯಿತು ಅನ್ನುವುದು. ಕಲ್ಲಿದ್ದಲಿನ ಪದರದಲ್ಲಿ ಮೀಥೇನ್ ಅನ್ನುವ ಅನಿಲ ಅಡಗಿರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಸೇರಿದರೆ ಒಂದು ಕಿಡಿ ಸಾಕು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಹೀಗೆ ಅನಿಲ ಸಿಡಿದು 92 ಜನ ಸತ್ತರು, ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಆಮೇಲೆಯೇ, 1815ರಲ್ಲಿ, ಹಂಫ್ರಿ ಡೇವಿ ಅನ್ನುವ ವಿಜ್ಞಾನಿ ತಂತಿಬಲೆ ಸುತ್ತಿದ ದೀಪ ಮಾಡಿದ್ದು. ಅದರ ಮೊಮ್ಮಗನಂಥ ದೀಪವನ್ನು ನಾನೂ ಹಿಡಿದು ತಿರುಗಿದ್ದೇನೆ. ಬತ್ತಿ ಇಳಿಸಿ ಮೇಲ್ಛಾವಣಿಯ ಹತ್ತಿರ ಮೆಲ್ಲಗೆ ಎತ್ತಿದರೆ, ಅನಿಲ ಇದ್ದಲ್ಲಿ ಉರಿಯ ತಲೆಗೆ ತಿಳಿನೀಲಿ ಟೋಪಿ ಕಾಣಿಸುತ್ತದೆ. ಆ ನೀಲಿ ನೋಡಲು ಚೆಂದ. ಕಂಡ ಕ್ಷಣಕ್ಕೆ ಎದೆ ಧಸಕ್ ಅನ್ನುತ್ತದೆ.

ದೀಪವೇನೋ ಸುರಕ್ಷಿತ ಆಯಿತು. ಆದರೆ ಅದೇ ಜಾಗದಲ್ಲಿ ಕಪ್ಪು ಮದ್ದಿಗೆ ಬೆಂಕಿ ಕೊಡುವುದು ನಿಲ್ಲಲಿಲ್ಲ! ಕಪ್ಪು ಮದ್ದಿನ ಉರಿ ಉದ್ದ, ಆರುವುದೂ ತಡ. ತೂತಿನ ಬಾಯಿಗೆ ಜಡಿದ ಮಣ್ಣು ಸಡಿಲವಿದ್ದರೆ ಕಲ್ಲಿದ್ದಲು ಒಡೆಯುವುದಿಲ್ಲ, ಉರಿ ಬಂದೂಕಿನಿಂದ ಬಂದ ಹಾಗೆ ಹೊರಗೆ ನುಗ್ಗುತ್ತದೆ. ಅನಿಲ ಇಲ್ಲದಿದ್ದರೂ ಗಂಡಾಂತರ ತಪ್ಪಿದ್ದಲ್ಲ. ಆ ಹೊಡೆತಕ್ಕೆ ನೆಲದ ಕಲ್ಲಿದ್ದಲ ಧೂಳು ಏಳುತ್ತದೆ. ಎದ್ದ ಧೂಳು ತಾನೇ ಹತ್ತಿಕೊಂಡು ಮುಂದಿನ ಧೂಳನ್ನು ಎಬ್ಬಿಸುತ್ತ ಮೈಲಿಗಟ್ಟಲೆ ಓಡುತ್ತದೆ. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಧೂಳು ಹೀಗೆ ಹತ್ತಿಕೊಂಡು 1099 ಜನ ಹೋದರು. ನಮ್ಮ ದೇಶದಲ್ಲೇ, 1965ರ ಮೇ 28ರಂದು ಧೋರಿ ಗಣಿಯ ಸ್ಫೋಟದಲ್ಲಿ 268 ಜನ ಸತ್ತರು.

ಧೂಳಿನ ಮಾತು ಬಂದಾಗ ನಮ್ಮೂರಿನ ನೆನಪಾಗುತ್ತದೆ. ಈ ಉರಿ ಓಡದಿರಲಿ ಅಂತ ಗಣಿಯ ದಾರಿಗಳಲ್ಲಿ ಬಿಳಿ ಕಲ್ಲಿನ ಪುಡಿ ಎರಚುತ್ತಾರೆ. ಹೆಚ್ಚಾಗಿ ಅದು ಸುಣ್ಣಕಲ್ಲಿನ ಪುಡಿ, ನಾವು ಈಗ ಕಾಲಡಿ ತುಳಿದು ಕೂತಿರುವ ಪರಸಿಯ ಜಾತಿಯದೇ. ನಮ್ಮ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳಿಗೆ ಕಲ್ಲಿದ್ದಲು ರೈಲಿನಲ್ಲಿ ಬರುವುದನ್ನು ವಾಡಿ ಜಂಕ್ಷನ್ನಿನಲ್ಲಿ ದಿನಾ ನೋಡುತ್ತೀರಿ. ಸುಣ್ಣಕಲ್ಲಿಗೂ ಕಲ್ಲಿದ್ದಲಿಗೂ ಹಳೆಯ ನೆಂಟಸ್ತನ.

ಉರಿಯೇ ಇಲ್ಲದೆ ಕಲ್ಲಿದ್ದಲು ಕೆಡವಬೇಕು ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹಲವರು ಹಟ ಹಿಡಿದರು. ಅವರ ಕೈಗೆ ಮೊದಲು ಬಂದದ್ದು ಬೆಣೆ. ಬೆಣೆಯ ಗುಟ್ಟು ಏನು? ಕಲ್ಲಾಗಲಿ ಕಲ್ಲಿದ್ದಲಾಗಲಿ, ಒತ್ತಿದರೆ ಬಹಳ ತಡೆಯುತ್ತದೆ. ಎಳೆದರೆ ತಡೆಯುವುದು ಅದರ ಸುಮಾರು ಹತ್ತನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಕಡಿಮೆ. ನಾವು ಬಡಿಯುವುದು ಮುಂದಕ್ಕೆ. ಬೆಣೆ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಆಗ ಕಲ್ಲು ಒತ್ತಡಕ್ಕೆ ಪುಡಿಯಾಗುವುದಿಲ್ಲ, ಎಳೆತಕ್ಕೆ ಸೀಳುತ್ತದೆ. ಅದು ಎಲ್ಲಿ ಬಡವೋ ಅಲ್ಲೇ ಕೈ ಹಾಕಿದ ಹಾಗೆ.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಬರೆದುಕೊಳ್ಳಿ. ಬೆಣೆಯ ಉದ್ದ 20 ಸೆಂಟಿಮೀಟರ್, ತಲೆಯ ದಪ್ಪ 2 ಸೆಂಟಿಮೀಟರ್. ಪುಸ್ತಕದ ಪ್ರಕಾರ ಬಲ 10 ಪಟ್ಟು ಆಗಬೇಕು. ಆದರೆ ಉಕ್ಕಿಗೆ ಉಕ್ಕು ಉಜ್ಜುತ್ತದಲ್ವಾ? ಘರ್ಷಣೆಯ ಗುಣಾಂಕ 0.2 ಅಂತ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿ. ಕೈಗೆ ಸಿಗುವುದು ಬರೀ 2 ಪಟ್ಟು! ಗ್ರೀಸ್ ಸವರಿ ಅದನ್ನು 0.1ಕ್ಕೆ ಇಳಿಸಿದರೆ 3 ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಪ್ಪ ಬೆಣೆಗೆ ಸುಮ್ನೆ ಎಣ್ಣೆ ಸವರುತ್ತಿರಲಿಲ್ಲ ಅಂತ ನನಗೆ ಗೊತ್ತಾದದ್ದು ಈ ಲೆಕ್ಕ ಬಿಡಿಸಿದ ದಿನ. ಹಾಗಂತ ಘರ್ಷಣೆ ಬರೀ ಶತ್ರುವಲ್ಲ. ಎರಡು ಪೆಟ್ಟಿನ ನಡುವೆ ಬೆಣೆ ಹಿಂದಕ್ಕೆ ಜಾರದಂತೆ ಹಿಡಿದಿಡುವುದೂ ಅದೇ.

ಇನ್ನು ಗಣಿಯ ಒಳಗೆ ಬನ್ನಿ. ಎದುರಿಗೆ ಕಲ್ಲಿದ್ದಲಿನ ಗೋಡೆ. ಅದಕ್ಕೆ ನೇರವಾಗಿ ಬೆಣೆ ಹೊಡೆದರೆ ಏನೂ ಆಗದು, ಯಾಕೆಂದರೆ ಬೀಳಲು ಜಾಗ ಇಲ್ಲ. ಅದಕ್ಕೇ ಮೊದಲು ಬುಡ ಕೊರೆಯಬೇಕು. ಮನುಷ್ಯ ಪಕ್ಕೆಯ ಮೇಲೆ ಮಲಗಿ, ಗೋಡೆಯ ಅಡಿಗೆ ಗುದ್ದಲಿಯಿಂದ ಮೂರು ನಾಲ್ಕು ಅಡಿ ಆಳ ಕೆತ್ತುತ್ತಿದ್ದ. ಮೇಲಿನ ರಾಶಿ ಮೈಮೇಲೆ ಬೀಳದಿರಲಿ ಅಂತ ಅಲ್ಲಲ್ಲಿ ಗಿಡ್ಡ ಮರದ ಆಸರೆ ಕೊಡುತ್ತಿದ್ದ. ಎಷ್ಟೋ ಗಂಟೆ ಹೀಗೇ, ಭುಜ ನೆಲಕ್ಕೆ ಉಜ್ಜುತ್ತ. ಬುಡ ಬಿಡಿಸಿದ ಮೇಲೆ ಛಾವಣಿಯ ಹತ್ತಿರ ತೂತು ಕೊರೆದು, ಪಟ್ಟಿ ಇಳಿಸಿ, ಬೆಣೆ ಹೊಡೆಯಬೇಕು. ಹೊಡೆಯುವ ಮೊದಲು ಆಸರೆ ತೆಗೆಯುವ ಆ ಗಳಿಗೆ ಇದೆಯಲ್ಲ, ಬೆಣೆ ಕಿತ್ತ ಕೋತಿಯ ಕಥೆ ಚಿಕ್ಕಂದಿನಲ್ಲಿ ಕೇಳಿದವರಿಗೆ ಅದರ ಭಯ ಗೊತ್ತು.

ಒಂದೇ ಬೆಣೆ ಸಾಲದಾದಾಗ ಬೆಣೆಯೊಳಗೆ ಬೆಣೆ ಬಂತು. ಮೊದಲು ಪಟ್ಟಿಗಳ ನಡುವೆ ಒಂದು ಜೋಡಿ, ಅದು ಬಿಗಿಯಾದ ಮೇಲೆ ಆ ಜೋಡಿಯ ನಡುವೆ ಮತ್ತೊಂದು. ಹೀಗೆ ಸಣ್ಣ ತೂತಿನಲ್ಲೇ ಹೆಚ್ಚು ಅಗಲಿಕೆ ಸಿಕ್ಕಿತು. ಆದರೂ ಒಂದು ತೊಡಕು ಉಳಿಯಿತು. ಹೊರಗಿನಿಂದ ಹೊಡೆದ ಬೆಣೆ ಮೊದಲು ಅಗಲಿಸುವುದು ತೂತಿನ ಬಾಯನ್ನು. ಬಾಯಿಯ ಹತ್ತಿರ ಒಂದು ಚಕ್ಕೆ ಎದ್ದು ಬೀಳುತ್ತದೆ, ಆಳದ ಕಲ್ಲಿದ್ದಲು ಅಲುಗುವುದೇ ಇಲ್ಲ. ಇದಕ್ಕೆ ಕಂಡುಹಿಡಿದ ಉಪಾಯ ನನಗೆ ತುಂಬಾ ಇಷ್ಟ. ಬೆಣೆಯನ್ನು ತಿರುಗಿಸಿಟ್ಟರು! ದಪ್ಪ ತುದಿ ಒಳಗೆ, ತೆಳು ತುದಿ ಹೊರಗೆ. ಹೊಡೆಯುವ ಬದಲು ಸ್ಕ್ರೂನಿಂದಲೋ ನೀರಿನ ಒತ್ತಡದ ಪಂಪಿನಿಂದಲೋ ಹೊರಕ್ಕೆ ಎಳೆದರು. ಈಗ ಬಲ ಮೊದಲು ಬೀಳುವುದು ತೂತಿನ ತಳದಲ್ಲಿ. ರಾಶಿ ಹಿಂದಿನಿಂದ ಸಡಿಲವಾಗಿ ಇಡಿಯಾಗಿ ಕೂರುತ್ತದೆ. ಸುತ್ತಿಗೆ ಇಲ್ಲ, ಕಿಡಿ ಇಲ್ಲ.

ಅದೇ ಕಾಲದ ಇನ್ನೊಂದು ಉಪಾಯ ಕೇಳಿದರೆ ನಮ್ಮ ಕಡೆಯವರು ನಗುತ್ತೀರಿ. 1880ರ ದಶಕದ ಆರಂಭದಲ್ಲಿ ಡರ್ಬಿಶೈರಿನ ಗಣಿಯಲ್ಲಿ ಸುಟ್ಟ ಸುಣ್ಣವನ್ನು ಒತ್ತಿ ಗಟ್ಟಿ ಬತ್ತಿ ಮಾಡಿದರು. ತೂತಿಗೆ ತುಂಬಿ ಬಾಯಿ ಮುಚ್ಚಿ ಕೊಳವೆಯಿಂದ ನೀರು ಬಿಟ್ಟರು. ಹಬ್ಬದ ಮುಂಚೆ ಮನೆಗೆ ಬಳಿಯಲು ಸುಣ್ಣ ನೆನೆಹಾಕಿದಾಗ ಕೊತಕೊತ ಕುದಿದು ಉಬ್ಬುವುದನ್ನು ನೋಡಿದ್ದೀರಲ್ಲ, ಅದೇ. ಆ ಉಬ್ಬರಕ್ಕೆ ಕಲ್ಲಿದ್ದಲು ಒಡೆಯಿತು. ಆದರೆ ಸುಣ್ಣ ತೇವ ಹೀರಿ ಬೇಗ ಸತ್ತುಹೋಗುತ್ತಿತ್ತು, ಕೂಡಿಡುವುದು ಕಷ್ಟವಾಯಿತು. ಇವತ್ತು ಕಲ್ಲಿನ ಕೆಲಸದವರು ತೂತಿಗೆ ಸುರಿದು ರಾತ್ರಿ ಬಿಟ್ಟು ಬರುವ ಉಬ್ಬುವ ಪುಡಿ ಸಿಗುತ್ತದಲ್ಲ, ಅದು ಇದೇ ವಂಶದ್ದು. ನಂತರ 1920ರ ದಶಕದಲ್ಲಿ ಅಮೆರಿಕದಲ್ಲಿ ಕಾರ್ಡಾಕ್ಸ್ ಬಂತು. ಉಕ್ಕಿನ ಕೊಳವೆಯಲ್ಲಿ ದ್ರವ ಇಂಗಾಲದ ಡೈಆಕ್ಸೈಡ್, ಕಾಯಿಸಿದರೆ ಹಿಗ್ಗಿ ನುಗ್ಗುತ್ತದೆ.

ಬೆಣೆಯ ಪರವಾಗಿ ಇನ್ನೊಂದು ಮಾತೂ ಇತ್ತು, ಅದು ದುಡ್ಡಿನ ಮಾತು. ಮದ್ದು ಕಲ್ಲಿದ್ದಲನ್ನು ಪುಡಿ ಮಾಡುತ್ತದೆ. ಬೆಣೆ ದೊಡ್ಡ ಹೆಂಟೆಯಾಗಿ ಕೆಡವುತ್ತದೆ. ಆಗಿನ ಮಾರುಕಟ್ಟೆಯಲ್ಲಿ ಹೆಂಟೆಗೆ ಪುಡಿಗಿಂತ ಒಳ್ಳೆಯ ಬೆಲೆ. ಛಾವಣಿಯೂ ಬೆಣೆಗೆ ಬಿರುಕು ಬಿಡುವುದಿಲ್ಲ. ಸ್ಫೋಟದ ಹೊಗೆ ಆರುವವರೆಗೆ ಕಾಯುವುದೂ ಬೇಡ.

ಇಷ್ಟೆಲ್ಲ ಇದ್ದೂ ಬೆಣೆ ಸೋತಿತು. ಯಾಕೆ? ಒಂದು ತೂತು, ಒಂದು ಬೆಣೆ, ಅರ್ಧ ತಾಸು ಬೆವರು. ಮದ್ದಾದರೆ ಒಂದೇ ಗುಂಡಿ ಒತ್ತಿದರೆ ಹಲವು ತೂತು ಒಟ್ಟಿಗೆ. ಕಾರ್ಮಿಕನಿಗೆ ಕೂಲಿ ಸಿಗುತ್ತಿದ್ದದ್ದು ಗಂಟೆಗೆ ಅಲ್ಲ, ತುಂಬಿದ ಗಾಡಿಯ ಲೆಕ್ಕಕ್ಕೆ. ಬ್ರಿಟನ್ನಿನ ಅನೇಕ ಗಣಿಗಳಲ್ಲಿ ಮದ್ದನ್ನು ಅವನೇ ತನ್ನ ಕೈಯಿಂದ ಕೊಳ್ಳಬೇಕಿತ್ತು, ಆದರೂ ಮದ್ದನ್ನೇ ಆರಿಸಿದ. ಅವನನ್ನು ನಾನು ದೂರುವುದಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಲ್ಲ. ನಿಧಾನವಾದ, ಸುರಕ್ಷಿತವಾದ ಸಾಧನದ ಖರ್ಚನ್ನು ಕೂಲಿಯವನ ತಲೆಗೇ ಕಟ್ಟಿದರೆ ಅವನು ಅದನ್ನು ಹೇಗೆ ಎತ್ತಿಕೊಳ್ಳುತ್ತಾನೆ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಉರಿ ಗಿಡ್ಡವಾದ, ಬೇಗ ತಣ್ಣಗಾಗುವ ಮದ್ದುಗಳು ಬಂದವು. ಪರೀಕ್ಷೆ ಮಾಡಿ ಅನುಮತಿ ಕೊಟ್ಟ ಮದ್ದು ಮಾತ್ರ ಬಳಸಬೇಕು ಅನ್ನುವ ಪದ್ಧತಿ ಬಂತು. ಅಲ್ಲಿಗೆ ಬೆಣೆಯನ್ನು ಮೂಲೆಗಿಟ್ಟರು.

ನಾನು ಬಳಸಿದ್ದೂ ಅನುಮತಿಯ ಮದ್ದೇ. ಆದರೂ ಒಂದು ರಾತ್ರಿ ಪಾಳಿ ಮರೆಯಲಾರೆ. ಊರಿನ ಹೆಸರು ಬೇಡ. ಗಾಡಿ ಲೆಕ್ಕ ಕಡಿಮೆ ಬಿದ್ದಿತ್ತು, ಮೇಲಿನಿಂದ ಅವಸರ. ಒಂದು ತೂತಿಗೆ ಮಣ್ಣು ಸರಿಯಾಗಿ ಜಡಿಯಲಿಲ್ಲ. ಅನಿಲ ನಾನೇ ನೋಡಿದ್ದೆ, ಇರಲಿಲ್ಲ. ತಿರುವಿನ ಆಚೆ ನಿಂತು ಗುಂಡಿ ಒತ್ತಿದೆವು. ಬಂದದ್ದು ಧಡ್ ಅನ್ನುವ ದಪ್ಪ ಸದ್ದಲ್ಲ, ಸಿಳ್ಳೆಯಂಥ ಚೂಪು ಸದ್ದು. ಗಾಳಿ ಮುಖಕ್ಕೆ ಬಡಿಯಿತು. ಟೋಪಿ ದೀಪದ ಬೆಳಕಿನಲ್ಲಿ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಹೋಗಿ ನೋಡಿದರೆ ಗೋಡೆ ಇದ್ದ ಹಾಗೇ ಇದೆ, ತೂತು ಮಾತ್ರ ಖಾಲಿ. ಜೊತೆಗಿದ್ದ ಸರ್ದಾರ್, ಅಂದರೆ ಪಾಳಿಯ ಮೇಲ್ವಿಚಾರಕರು, ನೆಲದ ಮೇಲೆ ಎರಚಿದ್ದ ಬಿಳಿ ಪುಡಿಯನ್ನು ಬೆರಳಿನಿಂದ ಮುಟ್ಟಿ, ಏನೂ ಮಾತಾಡದೆ ಹಣೆಗೆ ಹಚ್ಚಿಕೊಂಡರು. ಅವತ್ತು ಅನಿಲ ಇದ್ದಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ಬೆಣೆ ಸತ್ತುಹೋಗಿಲ್ಲ ಅನ್ನುವುದೇ ನನಗೆ ಸಮಾಧಾನ. 1960ರ ದಶಕದಲ್ಲಿ ಜರ್ಮನಿಯ ಹೆಲ್ಮುಟ್ ಡಾರ್ಡಾ ಇದೇ ಬೆಣೆ, ಇದೇ ಎರಡು ಪಟ್ಟಿಗೆ ಹೈಡ್ರಾಲಿಕ್ ಸಿಲಿಂಡರ್ ಜೋಡಿಸಿದರು. ಮಕ್ಕಳ ಆಟಿಕೆ ಕಾರುಗಳಿಗೆ ಹೆಸರಾದ ಡಾರ್ಡಾ ಕೂಡ ಅವರೇ. ಈಗ ಮನೆಗಳ ನಡುವಿನ ಬಂಡೆ, ಹಳೆಯ ಸೇತುವೆಯ ಕಾಂಕ್ರೀಟ್, ಸುರಂಗದ ಒಳಗಿನ ಕಲ್ಲು, ಇಂಥ ಕಡೆ ಈ ಯಂತ್ರ ಸದ್ದಿಲ್ಲದೆ ಸೀಳುತ್ತದೆ. ಗಣಿಯಲ್ಲೂ ಈಗ ದೊಡ್ಡ ಯಂತ್ರಗಳು ಮದ್ದಿಲ್ಲದೆ ಕಲ್ಲಿದ್ದಲು ಕೆರೆಯುತ್ತವೆ. ಅವುಗಳ ಉರುಳೆಯ ಮೇಲಿನ ಒಂದೊಂದು ಹಲ್ಲನ್ನೂ ಹತ್ತಿರದಿಂದ ನೋಡಿ, ಪುಟ್ಟ ಬೆಣೆಯೇ. ನಮ್ಮ ಯಾದಗಿರಿ, ಸುರಪುರದ ಗ್ರಾನೈಟ್ ಗುಡ್ಡಗಳ ಕಡೆ ಹೋದಾಗ ಹಳೆಯ ಕಟ್ಟಡದ ಕಲ್ಲಿನ ಅಂಚು ಗಮನಿಸಿ. ಸಾಲಾಗಿ ಗುಳಿಯ ಗುರುತು ಸಿಕ್ಕರೆ ಅಲ್ಲಿ ಯಾರೋ ಅಪ್ಪನ ಹಾಗೆ ದನಿ ಕೇಳುತ್ತ ಕೂತಿದ್ದರು ಅಂತ ತಿಳಿಯಿರಿ.

ನಮ್ಮ ಖಣಿಯ ಅಣ್ಣಂದಿರಿಗೆ ಒಂದು ಮಾತು. ಊರಿನ ಪಕ್ಕ ಮದ್ದು ಹಾರಿಸಿ ಗೋಡೆ ಬಿರುಕು ಬಿಟ್ಟಿತು ಅನ್ನುವ ಜಗಳ ಬಂದಾಗ, ಹೈಡ್ರಾಲಿಕ್ ಬೆಣೆಯ ಬಾಡಿಗೆ ಎಷ್ಟು ಅಂತ ಒಮ್ಮೆ ವಿಚಾರಿಸಿ. ಆ ಬಾಡಿಗೆ ಮಾತ್ರ ನಿಮ್ಮ ಕೂಲಿಯಲ್ಲಿ ಮುರಿಯಬಾರದು, ಗುತ್ತಿಗೆಯ ಲೆಕ್ಕದಲ್ಲಿ ಬರಬೇಕು. ಅದನ್ನು ಮೊದಲೇ ಬರೆಸಿಕೊಳ್ಳಿ.

ಹೊರಗೆ ಅಂಗಳದಲ್ಲಿ ಒಂದು ಪರಸಿ ಬಂಡೆ ತರಿಸಿದ್ದೇನೆ, ಬೆಳಿಗ್ಗೆಯೇ ಐದು ತೂತು ಕೊರೆದಿಟ್ಟಿದ್ದೇವೆ. ಎಲ್ಲರೂ ಬನ್ನಿ. ಅಪ್ಪನ ಬೆಣೆಯಿಂದ ಹೊಡೆಯಬೇಡಿ, ಅರಳಿದ ತಲೆಯಿಂದ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ತಲೆ ಸಾಣೆ ಹಿಡಿದ ಹೊಸ ಬೆಣೆಗಳು ಡಬ್ಬಿಯಲ್ಲಿವೆ, ಕನ್ನಡಕಗಳೂ ಇವೆ. ಮೊದಲ ಸುತ್ತು ಯಾರಾದರೂ ಖಣಿಯ ಅಣ್ಣ ಹೊಡೆಯಲಿ, ಎರಡನೆಯದು ವಿದ್ಯಾರ್ಥಿಗಳು. ಮೂರನೇ ಸುತ್ತಿನ ಹೊತ್ತಿಗೆ ಎಲ್ಲರೂ ಮಾತು ನಿಲ್ಲಿಸಿ, ದನಿ ಬದಲಾಗುವುದು ಕೇಳಿಸಬೇಕು.