ಆಯಿಗೆ ಹೇಳುವುದೋ ಬೇಡವೋ

ಕೇಳುಗರಿಗೆ ನಮಸ್ಕಾರ. ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದೊಡನೆ ಆಸ್ಪತ್ರೆಯ ಜಗಲಿಯಲ್ಲೇ ಒಂದು ತೀರ್ಮಾನ ಆಗಿಬಿಡುತ್ತದೆ: "ಆಯಿಗೆ ಹೇಳೋದು ಬೇಡ." ಹುಬ್ಬಳ್ಳಿಯಿಂದ ಶಿರಸಿಗೆ ಬರುವಷ್ಟು ಹೊತ್ತೂ ಕಾರಿನಲ್ಲಿ ಮಳೆ, ಅಡಿಕೆ ದರ, ಕೊನೆಕೊಯ್ಲಿನ ಆಳು ಎಲ್ಲದರ ಮಾತೂ ಬರುತ್ತದೆ, ಅದೊಂದು ಬಿಟ್ಟು. ಹಿಂದಿನ ಸೀಟಿನಲ್ಲಿ ಕುಳಿತ ಆಯಿಗೆ ಅಷ್ಟರಲ್ಲೇ ಅರ್ಥವಾಗಿರುತ್ತದೆ. ಆಗಿಲ್ಲದಿದ್ದರೂ ಕೀಮೋ ವಾರ್ಡಿನ ಪಕ್ಕದ ಹಾಸಿಗೆಯವರು ಕೇಳದೇ ಬಿಡುವುದಿಲ್ಲ: "ನಿಮಗೆ ಎಲ್ಲಿಯದು?"

ಹಾಗಾಗಿ ಮೊದಲು ಕೇಳಿ: "ಆಯಿ, ವರದಿ ಬಂತು. ಎಲ್ಲಾ ಹೇಳಲೋ, ನಾವೇ ನೋಡಿಕೊಳ್ಳಲೋ?" "ನೀವೇ ನೋಡಿ" ಅಂದರೆ ಸರಿ, ಒತ್ತಾಯ ಬೇಡ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿ. "ಬರೀ ಹುಣ್ಣು" ಎಂಬ ಸುಳ್ಳು ಮಾತ್ರ ಬೇಡ.

ಆ ಸುಳ್ಳು ಎಲ್ಲಿ ಕೈಕೊಡುತ್ತದೆ ನೋಡಿ. ಕೀಮೋ ಆಗಿ ಸುಮಾರು 7ರಿಂದ 14 ದಿನಗಳಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರವೂ ತುರ್ತೇ. ತನಗೇನೆಂದು ತಿಳಿಯದ ಆಯಿ "ಮಕ್ಕಳಿಗ್ಯಾಕೆ ತೊಂದರೆ" ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗುತ್ತಾಳೆ. ಜ್ವರ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಏರುತ್ತಿರುತ್ತದೆ. ಬೆಳಗಾದ ಮೇಲೆ ಘಟ್ಟ ಇಳಿದೋ ಹತ್ತಿಯೋ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. ಮೊದಲ ಕೀಮೋ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ: ರಾತ್ರಿ ಜ್ವರ ಬಂದರೆ ಹತ್ತಿರದ ಯಾವ ಆಸ್ಪತ್ರೆಗೆ ಓಡಬೇಕು, ಯಾರಿಗೆ ಫೋನ್ ಮಾಡಬೇಕು? ಹೋದಲ್ಲಿ ಬಾಗಿಲಲ್ಲೇ ಹೇಳಬೇಕಾದದ್ದು, "ಕೀಮೋ ಆಗಿ ಇಷ್ಟು ದಿನ." ಥರ್ಮಾಮೀಟರ್ ಆಯಿಯ ದಿಂಬಿನ ಪಕ್ಕದಲ್ಲಿರಲಿ, ಯಾಕೆಂದು ಅವಳಿಗೂ ಗೊತ್ತಿರಲಿ.

ಡಾಕ್ಟರ ಜೊತೆ ಮಾತಿಗೆ ಒಬ್ಬರೇ ಇರಲಿ, ಕೈಯಲ್ಲೊಂದು ನೋಟ್‌ಬುಕ್. ಬೆಂಗಳೂರಿನ ಮಗ, ಮುಂಬೈಯ ಮಗಳು ಬೇರೆ ಬೇರೆ ಫೋನ್ ಮಾಡಿದರೆ ಒಂದೇ ಮಾತಿಗೆ ಮೂರು ಅರ್ಥ ಹುಟ್ಟಿ ಜಗಳ ಶುರು. ನೋಡಲು ಬಂದ ನೆಂಟರ ಕಷಾಯದ ಸಲಹೆಗಳೂ ಅದೇ ನೋಟ್‌ಬುಕ್ ಸೇರಲಿ. ಡಾಕ್ಟರನ್ನು ಕೇಳದೆ ಒಲೆಗೆ ಏರುವುದು ಬೇಡ. ಕೆಮ್ಮು, ನೆಗಡಿ ಇದ್ದವರು ಅಂಗಳದಿಂದಲೇ ಮಾತಾಡಿಸಿ ಹೋದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

"ಧೈರ್ಯ ತಗೋ" ಎಂದರೆ ಆಯಿ ಹೂಂಗುಟ್ಟಿ ಸುಮ್ಮನಾಗುತ್ತಾಳೆ. "ಇವತ್ತು ಯಾವುದು ಜಾಸ್ತಿ ಕಷ್ಟ ಆತು?" ಎಂದು ಕೇಳಿ, ಬಾಯಿಹುಣ್ಣಿನ ಮಾತು ಹೊರಬರುತ್ತದೆ. ಆಗ ಖಾರ, ಹುಳಿ ಬಿಟ್ಟು, ತಣಿದ ಗಂಜಿ ಅರ್ಧ ಲೋಟ. ಎರಡು ತಾಸಿಗೆ ಮತ್ತೆ ಅರ್ಧ.