ಬಿಲ್ಲಿಗೋ, ಬೆಳಕಿಗೋ?

ಕುಮಟೆಯ ಬಂಧುಗಳೆಲ್ಲರಿಗೂ ನಮಸ್ಕಾರ.

ಮನೆಗೆ ಸೋಲಾರ್ ಹಾಕಿಸಬೇಕು ಅಂತ ಬರುವವರು ಮೊದಲು ಕೇಳುವುದು, "ಎಷ್ಟು ಕಿಲೋವ್ಯಾಟ್ ಬೇಕು?" ಅಂತ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಬಿಲ್ಲು ಇಳಿಯಬೇಕೋ, ಕರೆಂಟು ಹೋದಾಗ ದೀಪ ಉರಿಯಬೇಕೋ? ಇವೆರಡೂ ಒಂದೇ ಅಂತ ನಾನೂ ನಂಬಿದ್ದೆ.

ಶಿರಸಿ ಹತ್ತಿರದ ನಮ್ಮ ಮನೆಗೆ ಮೂರು ಕಿಲೋವ್ಯಾಟ್ ಕೂರಿಸಿದ ಮೊದಲ ಮಳೆಗಾಲ. ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಮೂರನೇ ದಿನ ಮಳೆ ಹೊಳವಾಗಿ ಚೆನ್ನಾಗಿ ಬಿಸಿಲು ಬಿತ್ತು. ಆಯಿ ಕೇಳಿದಳು, "ತಮಾ, ಬಿಸ್ಲು ಇದ್ದಲ, ಪಂಪು ಎಂತಕ್ಕೆ ತಿರಗ್ತಿಲ್ಲೆ?" ನನ್ನಲ್ಲಿ ಉತ್ತರವಿರಲಿಲ್ಲ. ಮಾರಿದವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಕಾರಣ ಸರಳ. ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನು ಸತ್ತ ಕ್ಷಣವೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲದಿದ್ದರೆ ನಮ್ಮ ಮಾಡಿನ ಕರೆಂಟು ತಂತಿಗೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಜೀವಕ್ಕೇ ಅಪಾಯ. ಕತ್ತಲೆಯ ಭಯ ಇರುವ ಮನೆಗೆ ಬ್ಯಾಟರಿ ಬೇಕು, ಅದನ್ನು ಲೈನಿನ ಸೋಲಾರಿಗೇ ಸೇರಿಸುವುದಾದರೆ ಲೈನು, ಬ್ಯಾಟರಿ ಎರಡನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್ ಕೂಡ ಬೇಕು. ಖರ್ಚು ಏರುತ್ತದೆ. ಆಸಿಡ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತ ಇರಬೇಕು, ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಪ್ಯಾನೆಲ್ಲಿಗೆ 25 ವರ್ಷದ ಖಾತ್ರಿ ಎನ್ನುವ ಮಾತಿನಲ್ಲಿ ಬ್ಯಾಟರಿ, ಇನ್ವರ್ಟರ್ ಸೇರಿಲ್ಲ.

ಇನ್ನು ಬಿಲ್ಲು. ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಎರಡು ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ದವರೆಗೆ ಸಹಾಯಧನ. ಬಿಸಿಲಿನ ದಿನ ಒಂದು ಕಿಲೋವ್ಯಾಟಿಗೆ ನಾಲ್ಕೈದು ಯುನಿಟ್ ಬರುತ್ತದೆ. ಆದರೆ 2023ರಿಂದ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆಯೇ ಬರುತ್ತಿದ್ದರೆ, ಬಿಲ್ಲಿಳಿಸಲು ಅಂತ ಸಾಲ ಮಾಡಿ ಹಾಕಿಸಬೇಡಿ. ಇದನ್ನು ಖಂಡಿತವಾಗಿ ಹೇಳುತ್ತೇನೆ. ಹೋಂಸ್ಟೇ ಇದೆ, ಎಸಿ ಇದೆ, ತಿಂಗಳಿಗೆ ಮುನ್ನೂರು ನಾಲ್ಕುನೂರು ಯುನಿಟ್ ಓಡುತ್ತದೆ ಎಂಬ ಮನೆಗೆ ಒಳ್ಳೆಯ ಲಾಭವಿದೆ.

ಮಳೆಗಾಲದ ಮಾತು ಬಿಡುವಂತಿಲ್ಲ. ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಷಾಢದಲ್ಲಿ ಕಿಲೋವ್ಯಾಟಿಗೆ ಎರಡು ಯುನಿಟ್ ದಾಟದ ದಿನಗಳಿರುತ್ತವೆ. ಬಯಲುಸೀಮೆಯ ಲೆಕ್ಕ ತೋರಿಸಿ ಮಾರುವವರನ್ನು ನಂಬಬೇಡಿ.

ಘಟ್ಟದ ಕೆಳಗಿನ ನಿಮಗೆ ಉಪ್ಪುಗಾಳಿಯ ಕಾಟ. ಗೋಕರ್ಣ, ತದಡಿ, ಬೇಲೆಕೇರಿಯಂಥ ಕಡಲಂಚಿನಲ್ಲಿ ಸಾದಾ ಕಬ್ಬಿಣದ ಸ್ಟ್ಯಾಂಡು ಬೇಗ ತುಕ್ಕು ಹಿಡಿಯುತ್ತದೆ. ಬೋಲ್ಟು ನಟ್ಟು ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಲಿ. ಅದು ಅಲ್ಯುಮಿನಿಯಂ ಚೌಕಟ್ಟಿಗೆ ತಾಗುವಲ್ಲಿ ನಡುವೆ ರಬ್ಬರ್ ವಾಷರ್ ಇರಲಿ. ಗಾಳಿ ಪ್ಯಾನೆಲ್ಲನ್ನು ಅಡಿಯಿಂದ ಎತ್ತುತ್ತದೆ, ಹಾಗಾಗಿ ಹಂಚಿನ ಮಾಡಾದರೆ ಪಕಾಸು ಗಟ್ಟಿಯಿದೆಯೇ ಎಂದು ಬಡಗಿಯನ್ನು ಹತ್ತಿಸಿ ನೋಡಿ.

ಘಟ್ಟದ ಮೇಲಿನ ನಮಗೆ ನೆರಳಿನ ಕಾಟ. ಪ್ಯಾನೆಲ್ಲಿನೊಳಗಿನ ಬಿಲ್ಲೆಗಳು ಸರಪಳಿಯ ಹಾಗೆ ಜೋಡಿಸಿದಂಥವು. ಸಾಲಿನಲ್ಲಿ ನಿಂತು ಕೊಡ ದಾಟಿಸುವಾಗ ನಡುವೆ ಒಬ್ಬ ಕೈ ಬಿಟ್ಟರೆ ಏನಾಗುತ್ತದೋ ಅದೇ ಆಗುತ್ತದೆ. ಒಂದು ತೆಂಗಿನ ಗರಿಯ ನೆರಳು ಪ್ಯಾನೆಲ್ಲಿನ ಮೂರನೇ ಒಂದು ಭಾಗವನ್ನು ಸುಮ್ಮನಾಗಿಸಬಲ್ಲದು. ಹಾಗಂತ ಮರ ಕಡಿಯಬೇಡಿ, ಕೈಮುಗಿದು ಕೇಳುತ್ತೇನೆ. ಅಂಗಳದಲ್ಲಿ ಸ್ಟ್ಯಾಂಡು ನಿಲ್ಲಿಸೋಣ ಎಂದರೆ ಇನ್ನೊಂದು ತಾಪತ್ರಯ: ಬಿಸಿಲು ಚೆನ್ನಾಗಿರುವ ಡಿಸೆಂಬರ್, ಜನವರಿಯಲ್ಲೇ ಅಡಿಕೆಗೂ ಅಂಗಳ ಬೇಕು. ಎತ್ತರದ ಕಂಬದ ಮೇಲೆ ಕೂರಿಸಿ, ಕೆಳಗಿನ ನೆರಳು ಅಡಿಕೆಯ ಮೇಲೆ ಬೀಳದಂತೆ ಜಾಗ ಆರಿಸಿಕೊಳ್ಳಬೇಕಾಗುತ್ತದೆ. ಮಂಗಗಳ ಹಿಂಡಿನ ಬಗ್ಗೆ ಹೇಳಬೇಕಿಲ್ಲ, ನಿಮಗೇ ಗೊತ್ತು.

ಇಷ್ಟೆಲ್ಲ ತೊಡಕು ಹೇಳಿದ ಮೇಲೂ ನಾನು ಸೋಲಾರ್ ಪರವಾಗಿಯೇ ನಿಂತಿದ್ದೇನೆ. ಯಾಕೆಂದರೆ ನಾಡಿಗೆ ಕರೆಂಟು ಕೊಡುವುದೆಂದರೆ ಏನು ಅಂತ ನಮ್ಮ ಜಿಲ್ಲೆಗೆ ಗೊತ್ತು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು. ಶರಾವತಿಗೆ ಗೇರುಸೊಪ್ಪ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ. ಸೂಪಾ ಎಂಬ ಊರೇ ನೀರಿನಡಿ ಹೋಯಿತು. ಕಾಡು ಹೋಯಿತು, ಗದ್ದೆ ಹೋಯಿತು, ಒಕ್ಕಲೆದ್ದವರು ಎಲ್ಲೆಲ್ಲೋ ಹೋಗಿ ಬದುಕು ಕಟ್ಟಿಕೊಂಡರು. ಮಾಡಿನ ಮೇಲಿನ ಮೂರು ಕಿಲೋವ್ಯಾಟಿಗೆ ಯಾರ ಹೊಲವೂ ಮುಳುಗುವುದಿಲ್ಲ. ಸುಮಾರು ಮುನ್ನೂರು ಚದರಡಿ ಬಿಸಿಲು ಸಾಕು. ಹಾಳಾದ ಪ್ಯಾನೆಲ್ಲನ್ನು ತೋಡಿಗೆ ಎಸೆಯದೆ ಹಿಂದಕ್ಕೆ ಕೊಡಬೇಕು, ಈಗ ಅದೂ ಇ-ತ್ಯಾಜ್ಯದ ನಿಯಮದಡಿ ಬರುತ್ತದೆ.

ಆಯಿಗೆ ಆಮೇಲೆ ಉತ್ತರ ಕೊಟ್ಟೆ. ಲೈನಿನದನ್ನು ಹಾಗೇ ಬಿಟ್ಟು, ಬೇರೆಯಾಗಿ ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ ಇಟ್ಟೆ. ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಜಗಲಿಗೆ ಒಂದೊಂದು ಎಲ್‌ಇಡಿ ದೀಪ, ಮೊಬೈಲ್ ಚಾರ್ಜಿಗೆ ಒಂದು ಪಾಯಿಂಟು. ಪಂಪು ಅದರಲ್ಲಿ ತಿರುಗುವುದಿಲ್ಲ, ಆ ನಾಲ್ಕು ದಿನ ಬಾವಿಯಿಂದ ಸೇದುತ್ತೇವೆ.

ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ನಿಮ್ಮ ಮಾಡಿನ ಮೇಲೆ ನೆರಳು ಎಲ್ಲಿ ಬೀಳುತ್ತದೆ ನೋಡಿ, ಫೋಟೋ ತೆಗೆದಿಡಿ. ಡಿಸೆಂಬರಿನಲ್ಲಿ ಮತ್ತೊಮ್ಮೆ ನೋಡಿ, ಆಗ ಸೂರ್ಯ ತೆಂಕಣಕ್ಕೆ ವಾಲಿ ನೆರಳು ಉದ್ದವಾಗುತ್ತದೆ. ಕರೆಂಟ್ ಬಿಲ್ಲು ತಂದಿರುವವರು ಮುಂದೆ ಬನ್ನಿ, ಕೂತು ಲೆಕ್ಕ ಹಾಕೋಣ.