ಗ್ಯಾಲನ್‌ಗೆ 31 ಸೆಂಟ್: ಅಮೆರಿಕದ ಹಳೇ ಪೆಟ್ರೋಲ್ ನಿಜಕ್ಕೂ ಅಗ್ಗವಾಗಿತ್ತೇ?

[ತೆರೆಯ ಮೇಲೆ: 1960 – 31 ಸೆಂಟ್ | 2024 – 3.30 ಡಾಲರ್]

1960ರಲ್ಲಿ ಅಮೆರಿಕದಲ್ಲಿ ಒಂದು ಗ್ಯಾಲನ್ ಪೆಟ್ರೋಲಿನ ಸರಾಸರಿ ಬೆಲೆ 31 ಸೆಂಟ್. 2024ರಲ್ಲಿ ಸುಮಾರು 3 ಡಾಲರ್ 30 ಸೆಂಟ್. ಹತ್ತು ಪಟ್ಟಿಗೂ ಹೆಚ್ಚು. "ಐದು ಡಾಲರಿಗೆ ಟ್ಯಾಂಕ್ ತುಂಬುತ್ತಿತ್ತು" ಎಂದು ಅಲ್ಲಿನ ಹಿರಿಯರು ಹೇಳಿದರೆ ಅದು ಸುಳ್ಳಲ್ಲ. ಆಗ ಐದು ಡಾಲರಿಗೆ 16 ಗ್ಯಾಲನ್, ಅಂದರೆ ಸುಮಾರು 61 ಲೀಟರ್ ಸಿಗುತ್ತಿತ್ತು. ಆದರೆ ಆ ಐದು ಡಾಲರ್ ಸಂಪಾದಿಸಲು ಎಷ್ಟು ಹೊತ್ತು ದುಡಿಯಬೇಕಿತ್ತು, ಅದರಲ್ಲಿ ಬೇರೆ ಏನೇನು ಕೊಳ್ಳಬಹುದಿತ್ತು ಅನ್ನುವುದನ್ನು ಬಿಟ್ಟು ಅಗ್ಗ-ದುಬಾರಿ ತೀರ್ಮಾನ ಮಾಡಲಾಗದು. ಲೆಕ್ಕ ಸುಲಭ, ನೀವೇ ಮಾಡಬಹುದು.

[ತೆರೆಯ ಮೇಲೆ: ಹಳೇ ಬೆಲೆ × (ಇಂದಿನ ಸೂಚ್ಯಂಕ ÷ ಅಂದಿನ ಸೂಚ್ಯಂಕ)]

ಬೇಕಾದದ್ದು ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಜನ ಕೊಳ್ಳುವ ಸಾಮಾನು-ಸೇವೆಗಳ ಬೆಲೆ ಒಟ್ಟಾರೆ ಎಷ್ಟು ಏರಿದೆ ಎಂದು ತೋರಿಸುವ ಅಂಕಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೋ ಇದನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ. 1982-84ರ ಬೆಲೆಗಳನ್ನು 100 ಎಂದು ಇಟ್ಟುಕೊಂಡರೆ 1960ರ ಸೂಚ್ಯಂಕ 29.6, 2024ರದ್ದು 313.7. ಎರಡನ್ನು ಭಾಗಿಸಿದರೆ 10.6. ಈಗ 31 ಸೆಂಟನ್ನು 10.6ರಿಂದ ಗುಣಿಸಿ: 3 ಡಾಲರ್ 29 ಸೆಂಟ್.

2024ರಲ್ಲಿ ಕೊಟ್ಟದ್ದೂ ಹೆಚ್ಚುಕಡಿಮೆ ಅಷ್ಟೇ! 1960ರ ಪೆಟ್ರೋಲ್ 2024ರ ಪೆಟ್ರೋಲಿಗಿಂತ ಒಂದು ಸೆಂಟಿಗಿಂತ ಹೆಚ್ಚು ಅಗ್ಗವಾಗಿರಲಿಲ್ಲ ಎಂದೇ ಹೇಳಬಹುದು.

ಹಾಗಾದರೆ ಆ ನೆನಪು ಬಂದದ್ದೆಲ್ಲಿಂದ? ಮುಂದಿನ 13 ವರ್ಷ ನೋಡಿ. 1973ರ ಹೊತ್ತಿಗೆ ಸೂಚ್ಯಂಕ 44.4ಕ್ಕೆ ಏರಿತು, ಅಂದರೆ ಉಳಿದ ಸಾಮಾನುಗಳ ಬೆಲೆ ಒಂದೂವರೆ ಪಟ್ಟಾಯಿತು. ಪೆಟ್ರೋಲ್ ಮಾತ್ರ 31ರಿಂದ 39 ಸೆಂಟಿಗೆ ತೆವಳಿತ್ತು. 2024ರ ಲೆಕ್ಕದಲ್ಲಿ ಅದು 2 ಡಾಲರ್ 75 ಸೆಂಟ್. ಬಂಕಿನ ಬೋರ್ಡಿನಲ್ಲಿ ಅಂಕಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು, ಸಂಬಳ ಏರುತ್ತಿತ್ತು. ಜನರ ಮನಸ್ಸಿನಲ್ಲಿ ಉಳಿದದ್ದು ಈ ಕಾಲ. ಅದರ ಬೆನ್ನಿಗೇ, 1973ರ ಅಕ್ಟೋಬರಿನಲ್ಲಿ, ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡುವುದನ್ನು ನಿಲ್ಲಿಸಿದವು. 1974ರ ಸರಾಸರಿ 53 ಸೆಂಟಿಗೆ ಜಿಗಿಯಿತು. ಬಂಕುಗಳ ಮುಂದೆ ಸಾಲು, ಗಾಡಿಯ ನಂಬರು ಬೆಸವೋ ಸರಿಯೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಕೊಡುವ ಪಡಿತರ. ಅಷ್ಟು ದೊಡ್ಡ ಪೆಟ್ಟು ಬಿದ್ದ ಮೇಲೆ ಅದರ ಹಿಂದಿನ ದಿನಗಳು ಚಿನ್ನದ ಕಾಲದಂತೆ ಕಂಡಿದ್ದು ಸಹಜ.

ನಿಜವಾಗಿ ಅಗ್ಗವಾಗಿದ್ದ ವರ್ಷ ಬೇಕೇ? 1998. ಗ್ಯಾಲನ್‌ಗೆ 1 ಡಾಲರ್ 6 ಸೆಂಟ್, 2024ರ ಲೆಕ್ಕದಲ್ಲಿ ಎರಡು ಡಾಲರಿನ ಆಸುಪಾಸು. ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ದುಬಾರಿಯ ಕಡೆಗೂ ಹೀಗೇ ಎಡವುತ್ತೇವೆ: 2022ರ ಜೂನ್‌ನಲ್ಲಿ 5 ಡಾಲರ್ ದಾಟಿತೆಂದು ಎಲ್ಲರಿಗೂ ನೆನಪಿದೆ, ಆದರೆ 2008ರ ಜುಲೈನ 4 ಡಾಲರ್ 11 ಸೆಂಟ್ 2024ರ ಹಣದಲ್ಲಿ 5.85ರಷ್ಟಾಗುತ್ತದೆ. ನಿಜವಾದ ಶಿಖರ ಅದೇ.

[ತೆರೆಯ ಮೇಲೆ: ಹಳೇ ಪಂಪಿನ ಮುಖ, ಉರುಳುವ ಅಂಕಿ ಚಕ್ರಗಳು]

ಒಂದು ಡಾಲರ್ ಗಡಿ ದಾಟಿದಾಗ ಆದ ಫಜೀತಿಯನ್ನು ಇಲ್ಲಿ ಹೇಳಲೇಬೇಕು. ಆಗಿನ ಪಂಪುಗಳ ಲೆಕ್ಕವೆಲ್ಲ ಹಲ್ಲುಚಕ್ರಗಳದು. ದರ ಹೊಂದಿಸಲು ಮೂರೇ ಸ್ಥಾನ: ಹತ್ತು ಸೆಂಟ್, ಒಂದು ಸೆಂಟ್, ಸೆಂಟಿನ ಹತ್ತನೇ ಒಂದು ಭಾಗ. ಮೂರನ್ನೂ 9ಕ್ಕೆ ತಿರುಗಿಸಿದರೂ 99.9 ಸೆಂಟ್, ಅದಕ್ಕೆ ಮೇಲಿಲ್ಲ. 1979ರಲ್ಲಿ ದರ ಡಾಲರ್ ಮುಟ್ಟಿದಾಗ ಬಂಕಿನವರು ಪಂಪನ್ನು ಅರ್ಧ ದರಕ್ಕೆ ಹೊಂದಿಸಿ, "ತೋರಿಸಿದ್ದರ ಎರಡರಷ್ಟು ಕೊಡಿ" ಎಂದು ಚೀಟಿ ಅಂಟಿಸಿದರು. ದರ 1.10 ಡಾಲರ್ ಎಂದಿಟ್ಟುಕೊಳ್ಳಿ. ಪಂಪಿನಲ್ಲಿ 55.0 ಸೆಂಟ್. ಹತ್ತು ಗ್ಯಾಲನ್ ಹಾಕಿಸಿದರೆ ಅದು 5.50 ತೋರಿಸುತ್ತದೆ, ನೀವು ಕೊಡಬೇಕಾದದ್ದು 11 ಡಾಲರ್. ಅಮೆರಿಕದಲ್ಲಿ ದರಗಳು ಸಾಮಾನ್ಯವಾಗಿ ಸೆಂಟಿನ ಹತ್ತರಲ್ಲಿ ಒಂಬತ್ತು ಭಾಗಕ್ಕೆ ಮುಗಿಯುತ್ತವೆ. 109.9ರ ಅರ್ಧ 54.95, ಆ ಕೊನೆಯ 5 ಹೊಂದಿಸಲು ಚಕ್ರವೇ ಇಲ್ಲ. ಹಾಗಾಗಿ ದರವನ್ನು ಒಂದು ಕೂದಲೆಳೆ ಮೇಲಕ್ಕೋ ಕೆಳಕ್ಕೋ ಸರಿಸದೆ ಈ ಉಪಾಯ ನಡೆಯುತ್ತಿರಲಿಲ್ಲ. ಕೆಲವು ಬಂಕುಗಳು ಗ್ಯಾಲನ್ ಬಿಟ್ಟು ಲೀಟರಿಗೆ ದರ ಹಾಕಿದವು, ಒಂದು ಗ್ಯಾಲನ್ ಎಂದರೆ 3.785 ಲೀಟರ್, ಅಂಕಿ ಮತ್ತೆ ಎರಡು ಸ್ಥಾನಕ್ಕಿಳಿಯಿತು.

ಲೆಕ್ಕ ಹಾಕುವವರು ತಪ್ಪುವ ಜಾಗಗಳಿವೆ. ಅತಿ ಹೆಚ್ಚು ತಪ್ಪುವುದು ಸೀಸದ ವಿಷಯದಲ್ಲಿ. 70ರ ದಶಕದ ಮೊದಲರ್ಧದವರೆಗಿನ ಸರಾಸರಿಗಳು ಸೀಸ ಬೆರೆಸಿದ ಪೆಟ್ರೋಲಿನವು, ಈಗಿನವು ಸೀಸರಹಿತದವು. 1981ರಲ್ಲಿ ಸೀಸ ಬೆರೆಸಿದ್ದರ ದರ 1.31, ಸೀಸರಹಿತದ್ದು 1.38 ಡಾಲರ್. ಒಂದು ಸರಣಿಯಿಂದ ಇನ್ನೊಂದಕ್ಕೆ ಗೊತ್ತಿಲ್ಲದೆ ಜಿಗಿದರೆ ಏಳು ಸೆಂಟ್ ಸುಳ್ಳೇ ಏರಿದಂತೆ ಕಾಣುತ್ತದೆ. ಹಾಗೆಯೇ, 19.9 ಸೆಂಟಿನ ಬೋರ್ಡಿರುವ ಹಳೇ ಫೋಟೋವನ್ನು ಆ ವರ್ಷದ ಬೆಲೆ ಎಂದುಕೊಳ್ಳಬೇಡಿ. ಅಕ್ಕಪಕ್ಕದ ಬಂಕುಗಳು ಪೈಪೋಟಿಗೆ ಬಿದ್ದು ಒಂದೆರಡು ದಿನ ದರ ಇಳಿಸುವುದು ಆಗ ಮಾಮೂಲಿ. ವಾರ್ಷಿಕ ಸರಾಸರಿಯನ್ನೇ ಹಿಡಿಯಿರಿ.

ಸೂಚ್ಯಂಕ ಒಪ್ಪಿಗೆಯಾಗದಿದ್ದರೆ ಕೂಲಿಯಿಂದ ಅಳೆಯಿರಿ. 1960ರಲ್ಲಿ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್, ಅದಕ್ಕೆ 3.2 ಗ್ಯಾಲನ್ ಬರುತ್ತಿತ್ತು. 2009ರಿಂದ ಕದಲದ 7.25 ಡಾಲರಿಗೆ 2024ರಲ್ಲಿ 2.2 ಗ್ಯಾಲನ್. ಈ ಅಳತೆಯಲ್ಲಿ ಹಿರಿಯರ ಮಾತೇ ಸರಿ. ಅದನ್ನು ನಾಸ್ಟಾಲ್ಜಿಯಾ ಎಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಬಡವನ ಒಂದು ಗಂಟೆಯ ದುಡಿಮೆಗೆ ಸಿಗುವ ಪೆಟ್ರೋಲ್ ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದೆ.

[ತೆರೆಯ ಮೇಲೆ: ಗ್ಯಾಲನ್ ಬೆಲೆ ÷ ಮೈಲೇಜ್ = ಒಂದು ಮೈಲಿಯ ಖರ್ಚು]

ಕೊನೆಯ ಅಳತೆ ಗಾಡಿಯದು. 1975ರ ಮಾಡೆಲಿನ ಹೊಸ ಕಾರು ಮತ್ತು ಲಘು ವಾಹನಗಳ ಸರಾಸರಿ ಮೈಲೇಜ್ ಗ್ಯಾಲನ್‌ಗೆ 13.1 ಮೈಲಿ. ಆ ವರ್ಷದ 57 ಸೆಂಟ್ 2024ರ 3.32 ಡಾಲರ್. ಭಾಗಿಸಿದರೆ ಮೈಲಿಗೆ 25 ಸೆಂಟ್. 2023ರ ಮಾಡೆಲಿನ ಸರಾಸರಿ 27.1 ಮೈಲಿ, 3.30ರ ದರದಲ್ಲಿ ಮೈಲಿಗೆ 12 ಸೆಂಟ್. ಖರ್ಚು ಅರ್ಧಕ್ಕಿಳಿದಿದೆ, ಆದರೆ ಹೊಸ ಗಾಡಿ ಕೊಳ್ಳಲು ಶಕ್ತಿಯಿದ್ದವರಿಗೆ. ಹಳೇ, ಹೊಟ್ಟೆಬಾಕ ಗಾಡಿಯಲ್ಲಿ ಕೆಲಸಕ್ಕೆ ಹೋಗುವವರು ಈ ಸರಾಸರಿ ಬಿಟ್ಟು ತಮ್ಮದೇ ಮೈಲೇಜ್ ಹಾಕಿ ಭಾಗಿಸಬೇಕು. ಟ್ಯಾಂಕ್ ಪೂರ್ತಿ ತುಂಬಿಸಿ, ಓಡೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ, ಓಡಿದ ದೂರವನ್ನು ಆಗ ಹಿಡಿದ ಗ್ಯಾಲನ್‌ಗಳಿಂದ ಭಾಗಿಸಿದರೆ ಸಾಕು.